ಆರೋಗ್ಯ ಮಾಲಿಕೆ: ಕುಡಿತ ಬಿಡಬೇಕು ಅನ್ನುವವರಿಗೆ ಮೊದಲ ಸಭೆ



ನಾಸಿಕ್‌ನ ಸಾತಪುರ, ಅಂಬಡ ಇರಲಿ, ಛತ್ರಪತಿ ಸಂಭಾಜಿನಗರದ ವಾಳೂಜ, ಚಿಕಲಠಾಣಾ ಇರಲಿ, ದುಡಿಯಲು ಬಂದ ನಮ್ಮ ಎಷ್ಟೋ ಮನೆಗಳಲ್ಲಿ ಒಂದೇ ಕಥೆ. ಬೆಳಿಗ್ಗೆ ಮಕ್ಕಳ ತಲೆ ಮುಟ್ಟಿ ಆಣೆ ಮಾಡಿದವರು ಸಂಜೆ ಮತ್ತೆ ಕುಡಿದು ಬರುತ್ತಾರೆ. ಆಣೆ ಮಾಡುವಾಗ ಅವರು ಸುಳ್ಳು ಹೇಳಿರುವುದಿಲ್ಲ. ಕುಡಿತದ ಅವಲಂಬನೆ ಒಂದು ಕಾಯಿಲೆ. ಅದು ಬರೀ ಆಣೆಗೆ ಬಗ್ಗುವುದಿಲ್ಲ.

2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಈ ಕಾಯಿಲೆ ಇರುವ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದವರಲ್ಲಿ ನಮ್ಮವರೂ ಇದ್ದಾರೆ.

*ಎಎ ಎಂದರೇನು?*
ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಹೆಸರು ಹೊರಗೆಡಹದ ಮದ್ಯವ್ಯಸನಿಗಳ ಬಳಗ. 1935ರಲ್ಲಿ ಅಮೆರಿಕದಲ್ಲಿ ಒಬ್ಬ ಷೇರು ವ್ಯವಹಾರದವರು ಮತ್ತು ಒಬ್ಬ ವೈದ್ಯರು, ಇಬ್ಬರೂ ಕುಡಿತದಿಂದ ಸೋತವರು, ಇದನ್ನು ಶುರು ಮಾಡಿದರು. ಭಾರತಕ್ಕೆ ಬಂದದ್ದು 1957ರಲ್ಲಿ. ಶುಲ್ಕ ಇಲ್ಲ. ಜಾತಿ, ಧರ್ಮ, ಊರು ಕೇಳುವುದಿಲ್ಲ. ಕುಡಿತ ಬಿಡುವ ಆಸೆ ಇದ್ದರೆ ಸಾಕು.

*ಮೊದಲು ಒಂದು ಎಚ್ಚರಿಕೆ*
ವರ್ಷಗಟ್ಟಲೆ ದಿನಾ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಬೆವರು, ನಿದ್ದೆಗೇಡು ಶುರುವಾಗುತ್ತದೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು-ಮೂರನೇ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ಗೊಂದಲ, ಜ್ವರ ಬಂದರೆ ಜೀವಕ್ಕೇ ಅಪಾಯ. ಇದು ದೆವ್ವದ ಕಾಟವಲ್ಲ. ತಡಮಾಡದೆ 108ಕ್ಕೆ ಕರೆ ಮಾಡಿ. ಮುಂಚೆಯೇ ಸಂಭಾಜಿನಗರದಲ್ಲಿ ಘಾಟಿ ಆಸ್ಪತ್ರೆ, ನಾಸಿಕ್‌ನಲ್ಲಿ ಸಿವಿಲ್ ಆಸ್ಪತ್ರೆಯ ವೈದ್ಯರನ್ನು ಕಂಡು, ದಿನಕ್ಕೆ ಎಷ್ಟು ಕುಡಿಯುತ್ತೀರಿ ಎಂಬುದನ್ನು ಮುಚ್ಚಿಡದೆ ಹೇಳಿ. ಸಭೆ ಚಿಕಿತ್ಸೆಗೆ ಬದಲಿಯಲ್ಲ, ಅದರ ಜೊತೆಗಾರ.

ಇನ್ನೊಂದು ಮಾತು. "ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕೊಡಿ" ಅನ್ನುವ ಪುಡಿ, ಗುಳಿಗೆಗಳನ್ನು ನಂಬಬೇಡಿ. ಅಂಥ ಕೆಲವು ಔಷಧ ಹೊಟ್ಟೆಯಲ್ಲಿರುವಾಗ ಕುಡಿದರೆ ಪ್ರಾಣವೇ ಹೋಗಬಹುದು.

*ಸಭೆ ಹುಡುಕುವುದು ಹೇಗೆ?*
1. ಎಎ ಇಂಡಿಯಾ ಜಾಲತಾಣದಲ್ಲಿ ನಿಮ್ಮ ನಗರ ಹುಡುಕಿ. ಸಂಭಾಜಿನಗರ ಸಿಗದಿದ್ದರೆ ಹಳೆಯ ಹೆಸರು ಔರಂಗಾಬಾದ್ ಎಂದು ಹುಡುಕಿ.
2. 14446 ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ. 14416 ಟೆಲಿ ಮಾನಸ್. ಎರಡೂ ಉಚಿತ. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.
3. ಹೊರಡುವ ಮುಂಚೆ ಫೋನ್ ಮಾಡಿ ಜಾಗ, ಸಮಯ ಖಚಿತ ಮಾಡಿಕೊಳ್ಳಿ. 'ಓಪನ್' ಸಭೆಗೆ ಮನೆಯವರೂ ಹೋಗಬಹುದು. 'ಕ್ಲೋಸ್ಡ್' ಸಭೆ ಕುಡಿತ ಬಿಡಬೇಕೆಂದಿರುವವರಿಗೆ ಮಾತ್ರ.

*ಅಲ್ಲಿ ಏನು ನಡೆಯುತ್ತದೆ?*
ಶಾಲೆಯ ಕೋಣೆಯಲ್ಲೋ ಚರ್ಚ್ ಆವರಣದಲ್ಲೋ ಕೆಲವು ಕುರ್ಚಿ. ಜಾಗ ನೋಡಿ ಮತಾಂತರ ಎಂದು ಹೆದರಬೇಡಿ, ಎಎ ಯಾವ ಧರ್ಮಕ್ಕೂ ಸೇರಿದ್ದಲ್ಲ. ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುತ್ತಾರೆ: ಕುಡಿತ ಎಲ್ಲಿಗೆ ತಂದಿತ್ತು, ಬಿಟ್ಟ ಮೇಲೆ ಏನಾಯಿತು. ಯಾರೂ ಬುದ್ಧಿ ಹೇಳುವುದಿಲ್ಲ. ಬಿಟ್ಟರೂ ಮತ್ತೆ ಕುಡಿದವರನ್ನು ಹೊರಗೆ ಹಾಕುವುದಿಲ್ಲ. ಖರ್ಚಿಗೆಂದು ಡಬ್ಬಿ ಬಂದರೆ ನೀವು ಹಾಕಬೇಕೆಂದಿಲ್ಲ.

ಮಾತು ಹೆಚ್ಚಾಗಿ ಮರಾಠಿ, ಹಿಂದಿಯಲ್ಲಿ. ನೀವು ಮಾತಾಡಲೇಬೇಕೆಂದಿಲ್ಲ. "ಮೀ ಪಹಿಲ್ಯಾಂದಾಚ್ ಆಲೋಯ್, ಫಕ್ತ ಐಕತೋ" (ಮೊದಲ ಸಲ ಬಂದಿದ್ದೇನೆ, ಬರೀ ಕೇಳುತ್ತೇನೆ) ಅಂದರೆ ಸಾಕು. ಹೆಣ್ಣುಮಕ್ಕಳಾದರೆ "ಆಲೇಯ್, ಐಕತೇ" ಅನ್ನಿ. ಹೌದು, ಹೆಣ್ಣುಮಕ್ಕಳಿಗೂ ಈ ಕಾಯಿಲೆ ಬರುತ್ತದೆ.

*"ಊರವರಿಗೆ ಗೊತ್ತಾದರೆ?"*
ಕೆಲಸ ಕೊಟ್ಟ ಠೇಕೇದಾರರಿಗೆ, ಬೀಗರಿಗೆ ಸುದ್ದಿ ಮುಟ್ಟೀತು ಎಂಬ ಭಯ ಎಲ್ಲರಿಗೂ ಇದೆ. ಅದಕ್ಕೇ ಅಲ್ಲಿ ಮೊದಲ ಹೆಸರಷ್ಟೇ ಹೇಳಿದರೆ ಸಾಕು. ಅಲ್ಲಿ ಕಂಡವರನ್ನು, ಕೇಳಿದ ಮಾತನ್ನು ಹೊರಗೆ ಹೇಳಬಾರದು. ಅಲ್ಲಿ ಪರಿಚಯದವರೇ ಕಂಡರೂ, ಅವರೂ ಅದೇ ಕಾರಣಕ್ಕೆ ಬಂದಿದ್ದಾರೆ ಎಂಬುದು ನೆನಪಿರಲಿ. ಇನ್ನು, ನೀವು ಕುಡಿಯುವುದು ನೆರೆಹೊರೆಗೆ ಈಗಾಗಲೇ ಗೊತ್ತು. ಬಿಡಲು ಹೊರಟಿದ್ದೀರಿ ಎಂಬುದಷ್ಟೇ ಗೊತ್ತಿಲ್ಲ.

*ಮನೆಯವರಿಗೆ*
ಕುಡಿದಾಗ ಜಗಳ ಬೇಡ, ಬೆಳಿಗ್ಗೆ ತಿಳಿಯಾಗಿದ್ದಾಗ ಹೇಳಿ. "ಒಂದು ಸಲ ಹೋಗಿ ಬರೋಣ, ನಾನು ಬಾಗಿಲ ತನಕ ಬರ್ತೀನಿ" ಅನ್ನಿ. ಅವರು ಬರಲಿಲ್ಲ ಎಂದರೂ ನಿಮಗೆ ದಾರಿ ಇದೆ: ಕುಡಿಯುವವರ ಕುಟುಂಬಕ್ಕೆಂದೇ ಅಲ್-ಅನಾನ್ ಸಭೆಗಳಿವೆ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಸಭೆಗಾಗಿ ಕಾಯಬೇಡಿ, 112ಕ್ಕೆ ಕರೆ ಮಾಡಿ.

ಒಂದು ಸಭೆಗೆ ಎಲ್ಲವೂ ಸರಿಹೋಗುವುದಿಲ್ಲ. ಮೊದಲ ಸಲ ಮುಜುಗರವಾದರೆ ಇನ್ನೆರಡು ಸಲ ಹೋಗಿ ನೋಡಿ. ಅಲ್ಲಿ ಕಲಿಸುವುದು ಇಷ್ಟೇ: ಜೀವನಪೂರ್ತಿಯ ಆಣೆ ಬೇಡ, ಇವತ್ತು ಒಂದು ದಿನ ಕುಡಿಯದೆ ಇರೋಣ.

ಈ ಸಂದೇಶವನ್ನು ಯಾರೊಬ್ಬರ ಹೆಸರನ್ನೂ ಬರೆಯದೆ ಗುಂಪಿಗೆ ಕಳಿಸಿ. ಬೇಕಾದವರು ಸುಮ್ಮನೆ ಓದಿಕೊಳ್ಳುತ್ತಾರೆ.