ತಳಿ–ಜವಳಗಿರಿ ದಾರಿ: ಬೆಳಗ್ಗೆ ಹೊರಡಿ, ಹೊತ್ತು ಮುಳುಗುವ ಮುಂಚೆ ಕಾಡು ದಾಟಿ

ಬೆಂಗಳೂರಿನಿಂದ ಒಂದೇ ದಿನದಲ್ಲಿ ಹೋಗಿಬರುವಂಥ ಹಳ್ಳಿದಾರಿ ಬೇಕೆಂದರೆ ಹೊಸೂರು–ತಳಿ–ಜವಳಗಿರಿ–ಡೆಂಕಣಿಕೋಟೆ ಸುತ್ತು ಹಾಕಿ. ಸುಮಾರು 1,000 ಮೀಟರ್ ಎತ್ತರದಲ್ಲಿರುವ ತಳಿಯ ತಂಪಿಗೆ ಮನಸೋತ ಬ್ರಿಟಿಷರು ಅದನ್ನು 'ಲಿಟ್ಲ್ ಇಂಗ್ಲೆಂಡ್' ಎಂದು ಕರೆದರಂತೆ. ನೀವು ನೋಡಬೇಕಾದದ್ದು ಮಾತ್ರ ಅಪ್ಪಟ ರಾಗಿ ಸೀಮೆ.

ದಾರಿ
ಹೊಸೂರಿನಿಂದ ಮತ್ತಿಗಿರಿ ಮೇಲೆ ತಳಿಗೆ ಸುಮಾರು 25 ಕಿ.ಮೀ. ಹೊಸೂರಿನವರೆಗೆ ರೈಲಿದೆ, ಅಲ್ಲಿಂದ ತಳಿಗೆ ಬಸ್ಸಿದೆ. ಆದರೆ ಬೇಕಾದ ಕಡೆ ಇಳಿದು ನೋಡಲು ಸ್ವಂತ ಗಾಡಿಯೇ ಅನುಕೂಲ. ಪೆಟ್ರೋಲ್ ಹೊಸೂರಿನಲ್ಲೇ ತುಂಬಿಸಿಕೊಳ್ಳಿ. ಬಾಡಿಗೆ ಟ್ಯಾಕ್ಸಿಯಾದರೆ ತಮಿಳುನಾಡಿನ ಪರ್ಮಿಟ್ ಇದೆಯೇ ಎಂದು ಮೊದಲೇ ವಿಚಾರಿಸಿ.

ಯಾವಾಗ
ಅಕ್ಟೋಬರ್‌ನಿಂದ ಜನವರಿ ಒಳ್ಳೆಯ ಕಾಲ. ರಾಗಿ ಹೊಲದ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು ಹೂಬಿಟ್ಟಿರುತ್ತವೆ. ಕೊಯ್ಲು ಮುಗಿದ ಮೇಲೆ ರೈತರು ತೆನೆಯನ್ನು ಟಾರು ರಸ್ತೆಯ ಮೇಲೇ ಹರಡುತ್ತಾರೆ. ಓಡಾಡುವ ಗಾಡಿಗಳೇ ಒಕ್ಕಣೆ ಮಾಡುತ್ತವೆ. ಹುಲ್ಲಿನ ಮೇಲೆ ಬೈಕಿನ ಚಕ್ರ ಜಾರುತ್ತದೆ, ಅಂಥಲ್ಲಿ ನಿಧಾನಿಸಿ. ಅದು ಒಂದು ಮನೆಯ ವರ್ಷದ ಅನ್ನ ಎಂಬುದೂ ನೆನಪಿರಲಿ.

ಕಾಡಿನಲ್ಲಿ
ಜವಳಗಿರಿ ಕಾಡು 2014ರಲ್ಲಿ ಘೋಷಣೆಯಾದ ಕಾವೇರಿ ಉತ್ತರ ವನ್ಯಜೀವಿ ಧಾಮಕ್ಕೆ ಸೇರಿದ್ದು. ರಾಗಿ ಹಾಲುಗಟ್ಟುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆ ಹಿಂಡುಗಳು ಇಲ್ಲಿಗೆ ಬರುತ್ತವೆ. ರೈತರು ಅಟ್ಟಣೆಯ ಮೇಲೆ ಕೂತು ರಾತ್ರಿಯಿಡೀ ಬೆಳೆ ಕಾಯುತ್ತಾರೆ. ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಬೇಡಿ, ಇಳಿಯಬೇಡಿ. ಆನೆ ಕಂಡರೆ ದೂರದಲ್ಲೇ ನಿಂತು ಅದು ದಾಟುವವರೆಗೆ ಕಾಯಿರಿ. ಹಾರ್ನ್ ಬೇಡ, ಫೋಟೋಕ್ಕೆ ಹತ್ತಿರ ಹೋಗುವುದಂತೂ ಬೇಡವೇ ಬೇಡ. ಸಂಜೆ ಐದರೊಳಗೆ ಡೆಂಕಣಿಕೋಟೆ ಸೇರಿ, ಬೇಟರಾಯಸ್ವಾಮಿ ದೇವಸ್ಥಾನ ನೋಡಿಕೊಂಡು ಕೆಲಮಂಗಲದ ಮೇಲೆ ಹೊಸೂರಿಗೆ ಬನ್ನಿ.

ಮಾತು
ಬೋರ್ಡುಗಳು ತಮಿಳಿನಲ್ಲಿರುತ್ತವೆ, ಊರುಗಳ ಹೆಸರು ಬರೆದಿಟ್ಟುಕೊಳ್ಳಿ. ದಾರಿ ಕೇಳಲು ಕನ್ನಡವೇ ಸಾಕು. 1956ರಲ್ಲಿ ರಾಜ್ಯಗಳು ಭಾಷೆಯ ಮೇಲೆ ವಿಂಗಡವಾದಾಗ ಈ ಸೀಮೆ ಮದರಾಸಿನಲ್ಲೇ ಉಳಿಯಿತು. ಆದರೂ ಕನ್ನಡ ಮನೆಮಾತಾಗಿ ಉಳಿದೇ ಇದೆ, ತೆಲುಗು ತಮಿಳಿನ ಜೊತೆಗೆ. ಬಿಡುವಿದ್ದರೆ ತಳಿ ಬಳಿಯ ಗುಮ್ಮಳಾಪುರಕ್ಕೂ ಹೋಗಿ. ಶೂನ್ಯಸಂಪಾದನೆಯನ್ನು ಪರಿಷ್ಕರಿಸಿದ ಸಿದ್ಧಲಿಂಗ ಯತಿಯ ಹೆಸರಿನೊಂದಿಗೆ ಬೆಸೆದ ಊರು ಅದು.

ಕೊನೆಯದಾಗಿ
ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ತಮಿಳುನಾಡಿನಲ್ಲಿ 2019ರಿಂದ ನಿಷೇಧವಿದೆ. ನೀರಿಗೆ ಸ್ಟೀಲ್ ಬಾಟಲಿ, ಬುತ್ತಿಗೆ ಡಬ್ಬಿ ಒಯ್ಯಿರಿ. ಅವರೆಕಾಯಿ, ಹೂವು, ತರಕಾರಿಯನ್ನು ದಾರಿಬದಿಯಲ್ಲಿ ಮಾರುವ ರೈತರಿಂದಲೇ ಕೊಳ್ಳಿ. ನೀವು ಕೊಟ್ಟ ದುಡ್ಡು ನೇರವಾಗಿ ಬೆಳೆದವರ ಕೈ ಸೇರುತ್ತದೆ.