ಸಂಚಕಾರ: ಮುಂಗಡದಿಂದ ಕೇಡಿನತ್ತ

‘ಪ್ರಾಣಕ್ಕೆ ಸಂಚಕಾರ’ ಎಂಬಲ್ಲಿ ಸಂಚಕಾರವೆಂದರೆ ಕೇಡು ಎಂದು ವಿದ್ಯಾರ್ಥಿಗಳು ಅರ್ಥ ಬರೆಯುತ್ತಾರೆ. ತಪ್ಪಲ್ಲ, ಆದರೆ ಪದ ಹುಟ್ಟಿದ್ದು ವ್ಯಾಪಾರದಲ್ಲಿ. ಸಂಸ್ಕೃತದ ‘ಸತ್ಯಂಕಾರ’ದ ತದ್ಭವವಿದು: ವ್ಯವಹಾರ ಕುದುರಿತೆಂಬುದಕ್ಕೆ ಗುರುತಾಗಿ ಕೊಡುವ ಮುಂಗಡ. ಅಮರಕೋಶದಲ್ಲಿ ಅದರ ಸ್ಥಾನ ವೈಶ್ಯವರ್ಗ. ಮರಾಠಿ ನಿಘಂಟುಗಳಲ್ಲಿಯೂ ‘ಸಂಚಕಾರ’ ಮುಂಗಡವೇ. ಯಮನು ಜೀವಕ್ಕೆ ಮುಂಗಡ ಕೊಟ್ಟಿರುವನೆಂಬ ರೂಪಕದಿಂದ ಕನ್ನಡದ ಇಂದಿನ ಅರ್ಥ ಬಂದಿರಬಹುದೆಂದು ಊಹಿಸಲು ಅವಕಾಶವಿದೆ.

ಬಳಸಿದ ದುಬಾರಿ ಕಾರುಗಳ ವ್ಯಾಪಾರದಲ್ಲಿ ಈ ಎರಡೂ ಅರ್ಥಗಳು ಕೂಡುತ್ತವೆ. ಬೆಂಗಳೂರಿನಲ್ಲಿ ಬೆಂಜ್ ಕಾರು ಕೊಂಡು ಆದವಾನಿಯಲ್ಲಿ ಮಾರಿ ಲಾಭ ಗಳಿಸಬಯಸುವ ದಲ್ಲಾಳಿಯನ್ನು ಕಲ್ಪಿಸಿಕೊಳ್ಳಬಹುದು. ಅವನು ಮುಂಗಡ ಕೊಟ್ಟು ಕಾರು ಒಯ್ಯುತ್ತಾನೆ. ಗಡಿ ದಾಟಿದ ಕಾರಿಗೆ ಕರ್ನಾಟಕದ ನಿರಾಕ್ಷೇಪಣಾ ಪತ್ರ ಬೇಕು, ಆಂಧ್ರದಲ್ಲಿ ತೆರಿಗೆ ಕಟ್ಟಬೇಕು. ಲಾಭ ಕರಗೀತೆಂದು ಅವನು ತನ್ನ ಹೆಸರಿಗೆ ವರ್ಗಾಯಿಸಿಕೊಳ್ಳದೆ ಗಿರಾಕಿಗಾಗಿ ಕಾಯುತ್ತಾನೆ. ಆ ನಡುವೆ ಅಪಘಾತವಾದರೆ? ನೋಂದಣಿಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿತು. ಸಂಚಕಾರ ಪಡೆದವನಿಗೇ ಸಂಚಕಾರ! 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಅಧಿಕೃತ ವ್ಯಾಪಾರಿಗೆ ವಾಹನ ಒಪ್ಪಿಸಿ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿದರೆ ಹೊಣೆ ಅವನದಾಗುತ್ತದೆ. ಪರವಾನಗಿಯಿಲ್ಲದ ದಲ್ಲಾಳಿಯೊಡನೆ ವ್ಯವಹರಿಸಿದವರಿಗೆ ಈ ರಕ್ಷಣೆಯಿಲ್ಲ.

‘ಬಯಾನಾ’, ‘ಅಡ್ವಾನ್ಸ್’ ಎಂಬ ಮಾತುಗಳ ನಡುವೆ ಸಂಚಕಾರದ ಹಳೆಯ ಅರ್ಥ ಮರೆಯಾಗುತ್ತಿದೆ. ಆದವಾನಿಯ ಹತ್ತಿ ಮಾರುಕಟ್ಟೆಯಲ್ಲಿ, ಆಲೂರು, ಕೋಸಿಗಿ ಕಡೆಯ ಹಿರಿಯರ ಬಾಯಲ್ಲಿ ಅದು ಉಳಿದಿದೆಯೇ ಎಂಬುದನ್ನು ವಿದ್ಯಾರ್ಥಿಗಳು ಈ ರಜೆಯಲ್ಲಿ ಕೇಳಿ, ಹೇಳಿದವರ ಊರಿನ ಹೆಸರಿನೊಡನೆ ಬರೆದುಕೊಂಡು ಬರಬೇಕು.