ಬೋಟಿಯಾ ಸಾಕುವವರಿಗೆ ಆರು ಪಾಠಗಳು

ಮೀಸೆ ಹೊತ್ತು ತೊಟ್ಟಿಯ ತಳದಲ್ಲೇ ಓಡಾಡುವ ಲೋಚ್ ಮೀನುಗಳಲ್ಲಿ ಬೋಟಿಯಾ ಕುಲದವೆಂದರೆ ನನಗೆ ಬಲು ಪ್ರೀತಿ. ಅವುಗಳ ಜೊತೆ ಕಳೆದ ವರ್ಷಗಳು ಕಲಿಸಿದ್ದು ಇಷ್ಟು.

1. ಜಾತಿ ತಿಳಿದು ಕೊಳ್ಳಿ. ಅಂಗಡಿಯಲ್ಲಿ ಕ್ಲೌನ್ ಲೋಚನ್ನೂ ಬೋಟಿಯಾ ಎಂದೇ ಮಾರುತ್ತಾರೆ. 2004ರಿಂದ ಅದು ಕ್ರೋಮೋಬೋಟಿಯಾ ಎಂಬ ಬೇರೆ ಕುಲದಲ್ಲಿದೆ, ಒಂದಡಿವರೆಗೆ ಬೆಳೆಯುತ್ತದೆ. ಜೀಬ್ರಾ ಲೋಚ್, ಅಂದರೆ ಬೋಟಿಯಾ ಸ್ಟ್ರಿಯಾಟಾ, ಬೆರಳುದ್ದಕ್ಕಿಂತ ಹೆಚ್ಚು ಬೆಳೆಯುವುದು ಅಪರೂಪ. ಉತ್ತರ ಭಾರತದ ನದಿಗಳ ಬೋಟಿಯಾ ಡಾರಿಯೊ ಅದಕ್ಕಿಂತ ದೊಡ್ಡದು. ತೊಟ್ಟಿ ಎಷ್ಟು ದೊಡ್ಡದಿರಬೇಕು ಎಂಬುದು ಇಲ್ಲೇ ತೀರ್ಮಾನವಾಗುತ್ತದೆ.

2. ಒಂಟಿಯಾಗಿ ಸಾಕಬೇಡಿ. ಕನಿಷ್ಠ ಐದಾರು ಇರಲಿ. ಗುಂಪಿನಲ್ಲಿ ಅವು ಮೇಲು-ಕೀಳು ತಾವೇ ಇತ್ಯರ್ಥ ಮಾಡಿಕೊಳ್ಳುತ್ತವೆ. ಒಂಟಿ ಮೀನು ಹಗಲಿಡೀ ಅಡಗಿರುತ್ತದೆ, ಇಲ್ಲವೇ ಉಳಿದ ಮೀನುಗಳನ್ನು ಪೀಡಿಸುತ್ತದೆ.

3. ತಳಕ್ಕೆ ನುಣುಪು ಮರಳು ಹಾಕಿ. ಆಹಾರ ಹುಡುಕುವುದು ಮೀಸೆಗಳಿಂದಲೇ. ಚೂಪು ಜಲ್ಲಿಗೆ ಅವು ಸವೆದುಹೋಗುತ್ತವೆ. ಒಂದೊಂದು ಮೀನಿಗೂ ಒಂದೊಂದು ಸಂದು ಸಿಗುವಂತೆ ಕಲ್ಲು, ಬೇರು ಜೋಡಿಸಿ. ಅಲ್ಲಿ ಮಗ್ಗುಲಾಗಿ ಮಲಗಿದ್ದರೆ ಸತ್ತಿತೆಂದು ಗಾಬರಿಯಾಗಬೇಡಿ. ಅದು ವಿಶ್ರಾಂತಿಯ ಭಂಗಿ.

4. ಮೀನು ಹಿಡಿಯಲು ಬಲೆ ಬೇಡ, ಡಬ್ಬಿ ಬಳಸಿ. ಕಣ್ಣಿನ ಕೆಳಗೆ ಮಡಚಿಕೊಂಡಿರುವ ಕವಲು ಮುಳ್ಳನ್ನು ಹೆದರಿದಾಗ ಎತ್ತಿ ನಿಲ್ಲಿಸುತ್ತವೆ. ಅದು ಬಲೆಗೆ ಸಿಕ್ಕಿಕೊಂಡರೆ ಬಿಡಿಸುವಾಗ ಮೀನಿಗೇ ಗಾಯ.

5. ಔಷಧಿಗೆ ಆತುರ ಬೇಡ. ಹುರುಪೆಗಳು ತೀರ ಸಣ್ಣವಾದ್ದರಿಂದ ಬಿಳಿಚುಕ್ಕೆ ರೋಗ ಬೇಗ ತಗಲುತ್ತದೆ. ತಾಮ್ರ ಬೆರೆತ ಔಷಧಿಯೂ ಅಷ್ಟೇ ಬೇಗ ಕೆಡುಕು ಮಾಡುತ್ತದೆ. ಹೊಸ ಮೀನನ್ನು ಕೆಲವು ವಾರ ಬೇರೆ ತೊಟ್ಟಿಯಲ್ಲಿಡಿ. ಚೆನ್ನಾಗಿ ತಿಂದೂ ಬೆನ್ನು ಸೊರಗುತ್ತಿದ್ದರೆ ಹೊಟ್ಟೆಯಲ್ಲಿ ಪರಾವಲಂಬಿಗಳಿರಬಹುದು. ಎಲ್ಲಕ್ಕಿಂತ ಮೊದಲು ಹರಿವು, ಗಾಳಿ, ವಾರವಾರದ ನೀರು ಬದಲಾವಣೆ ಸರಿಯಿರಲಿ.

6. ಎಲ್ಲಿಂದ ಬಂತೆಂದು ಕೇಳಿ. ಬೋಟಿಯಾ ಸ್ಟ್ರಿಯಾಟಾ ನಮ್ಮ ತುಂಗೆಯ ಮೀನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್ 1920ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಪಶ್ಚಿಮ ಘಟ್ಟದಾಚೆ ಎಲ್ಲೂ ಸಹಜವಾಗಿ ಸಿಗದ ಈ ಮೀನು ಐಯುಸಿಎನ್ ಕೆಂಪುಪಟ್ಟಿಯಲ್ಲಿ ಅಳಿವಿನಂಚಿನದೆಂದು ದಾಖಲಾಗಿದೆ. ಹೊಳೆಯಲ್ಲಿ ಹಿಡಿದು ತಂದದ್ದಾದರೆ ಕೊಳ್ಳದೆ ಬನ್ನಿ. ತೊಟ್ಟಿಯ ಮೀನನ್ನು ಹೊಳೆಗೆ ಬಿಡಲೂಬೇಡಿ. ಅದರೊಂದಿಗೆ ರೋಗವೂ ಹೊಳೆಗಿಳಿದೀತು. ಸಾಕುವ ಆಸೆ ನಮ್ಮದು. ಅದರ ಬೆಲೆಯನ್ನು ತುಂಗೆ ತೆರಬಾರದು.